ವಿದೇಶದ ತೋಟದಲ್ಲಿ ದುಡಿದು ಊಟ, ವಸತಿ ಪಡೆಯುವ ಪ್ರವಾಸ: ಗೊತ್ತಿದ್ದವರು ಹೇಳಿ

ದಾರಿಹೋಕ
ಎಲ್ಲರಿಗೂ ನಮಸ್ಕಾರ. ಈಗಿನ ಕೆಲಸ ಬಿಡುತ್ತಿದ್ದೇನೆ. ಇನ್ನೊಂದಕ್ಕೆ ಸೇರುವ ಮೊದಲು ಒಂದೆರಡು ತಿಂಗಳು ನ್ಯೂಜಿಲೆಂಡ್ ಸುತ್ತುವ ಆಸೆ. ಹೋಟೆಲಿನಲ್ಲಿ ಉಳಿದರೆ ಕೈಯಲ್ಲಿರುವ ದುಡ್ಡು ನೀರಿನಂತೆ ಹರಿದುಹೋಗುತ್ತದೆ. ಅದಕ್ಕೆ ವೂಫ್, ವರ್ಕವೇ ಮುಂತಾದ ಜಾಲತಾಣಗಳನ್ನು ಜಾಲಾಡುತ್ತಿದ್ದೇನೆ. ದಿನಕ್ಕೆ ನಾಲ್ಕೈದು ಗಂಟೆ ತೋಟದಲ್ಲಿ ಕೈಜೋಡಿಸಿದರೆ ಆ ಮನೆಯವರೇ ಊಟ ಹಾಕಿ, ಮಲಗಲು ಕೋಣೆ ಕೊಡುತ್ತಾರೆ. ದುಡ್ಡಿನ ಮಾತೇ ಇಲ್ಲ.

ನಮ್ಮ ಅಜ್ಜನಿಗೆ ಸಾಗರದ ಕಡೆ ಗದ್ದೆ ಇತ್ತು, ನಾನು ಹುಟ್ಟುವ ಹೊತ್ತಿಗೆ ಮಾರಿಯಾಗಿತ್ತು. ಗುದ್ದಲಿ ಹಿಡಿದ ಅಭ್ಯಾಸ ಇಲ್ಲ, ಹುಮ್ಮಸ್ಸು ಇದೆ. ಸಂಬಳ ಪಡೆಯುವುದಿಲ್ಲವಾದ್ದರಿಂದ ಪ್ರವಾಸಿ ವೀಸಾ ಸಾಕು ಎಂದುಕೊಂಡಿದ್ದೇನೆ. ಸರಿಯೇ? ಸಸ್ಯಾಹಾರಿಗೆ ಅಲ್ಲಿ ಊಟದ ಗತಿ ಏನು? ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಗಡಿಯಾರ
ಕಳೆ ಕೀಳುವುದಕ್ಕೆ ವಿಮಾನ ಹತ್ತಬೇಕೇ?

ತೋಟದಮನೆ
ನಾನೂ ಅದನ್ನೇ ಕೇಳಬೇಕೆಂದಿದ್ದೆ. ಶಿರಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಅಡಿಕೆ ಕೊನೆ ಇಳಿಸಲು ಜನ ಇಲ್ಲ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಫೋನ್ ಮಾಡಿದರೆ ಮಂತ್ರಿಗಳ ಭೇಟಿಗೆ ಸಮಯ ಕೇಳಿದ ಹಾಗಾಗುತ್ತದೆ. ತಮ್ಮ, ನಮ್ಮಲ್ಲಿಗೆ ಬಾ. ಊಟ, ವಸತಿ, ಎರಡು ಹೊತ್ತು ಚಹಾ, ಮೇಲೆ ದುಡ್ಡನ್ನೂ ಕೊಡುತ್ತೇನೆ.

ದಾರಿಹೋಕ
ಸರ್, ನಿಮ್ಮ ತೋಟದಿಂದ ಹಿಮದ ಬೆಟ್ಟ ಕಾಣುತ್ತದೆಯೇ?

ತೋಟದಮನೆ
ಮಳೆಗಾಲದಲ್ಲಿ ಎದುರಿನ ತೋಟವೇ ಕಾಣುವುದಿಲ್ಲ.

ಟೌರಂಗಾವಾಸಿ
ತಮಾಷೆ ಆಮೇಲೆ. ಮೊದಲು ವೀಸಾ ವಿಷಯ, ಏಕೆಂದರೆ ಇಲ್ಲಿಯೇ ನಮ್ಮ ಹುಡುಗರು ಎಡವುತ್ತಾರೆ. ನಾನು ನ್ಯೂಜಿಲೆಂಡಿನ ಬೇ ಆಫ್ ಪ್ಲೆಂಟಿ ಪ್ರದೇಶದಲ್ಲಿ ಕಿವಿ ಹಣ್ಣಿನ ತೋಟಗಳಿಗೆ ಕೆಲಸಗಾರರನ್ನು ಹೊಂದಿಸುವ ಗುತ್ತಿಗೆದಾರರ ಬಳಿ ಮೇಲ್ವಿಚಾರಕ.

ನ್ಯೂಜಿಲೆಂಡಿನ 2009ರ ವಲಸೆ ಕಾಯ್ದೆಯ ಪ್ರಕಾರ ಲಾಭಕ್ಕೆ ಅಥವಾ ಪ್ರತಿಫಲಕ್ಕೆ ಮಾಡುವ ಚಟುವಟಿಕೆಯೆಲ್ಲ ಕೆಲಸವೇ. ಪ್ರತಿಫಲ ಹಣವೇ ಆಗಿರಬೇಕಿಲ್ಲ, ಹಣದಲ್ಲಿ ಬೆಲೆ ಕಟ್ಟಬಹುದಾದ ಯಾವ ಅನುಕೂಲವಾದರೂ ಸರಿ. ಊಟ ಮತ್ತು ವಸತಿಯನ್ನು ಕಾಯ್ದೆಯೇ ಉದಾಹರಣೆಯಾಗಿ ಹೆಸರಿಸಿದೆ. ಅಂದರೆ ನೀವು ಯಾವುದನ್ನು "ಸಂಬಳ ಅಲ್ಲ" ಎನ್ನುತ್ತಿದ್ದೀರೋ ಅದನ್ನೇ ಕಾನೂನು ಸಂಬಳ ಎಂದು ಲೆಕ್ಕ ಹಿಡಿಯುತ್ತದೆ. ಪ್ರವಾಸಿ ವೀಸಾದಲ್ಲಿ ಬಂದು ವೂಫಿಂಗ್ ಮಾಡುವಂತಿಲ್ಲ.

ಜರ್ಮನಿ, ಫ್ರಾನ್ಸ್, ಜಪಾನಿನ ಹುಡುಗರು ಇಲ್ಲಿ ಆರಾಮಾಗಿ ತೋಟದಿಂದ ತೋಟಕ್ಕೆ ತಿರುಗುತ್ತಾರೆ, ನಿಜ. ಅವರ ಬಳಿ ಇರುವುದು ಸುತ್ತಾಡುತ್ತಾ ಕೆಲಸವನ್ನೂ ಮಾಡಲು ಬಿಡುವ ವರ್ಕಿಂಗ್ ಹಾಲಿಡೇ ವೀಸಾ. ಭಾರತದ ಜೊತೆ 2025ರ ಡಿಸೆಂಬರಿನಲ್ಲಿ ಮಾತುಕತೆ ಮುಗಿದ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 1,000 ಭಾರತೀಯರಿಗೆ ಅಂಥ ವೀಸಾ ಕೊಡುವ ಮಾತಿದೆ. ಅದು ನಿಮ್ಮ ಕೈಗೆ ಬರುವ ತನಕ ಆ ಯುರೋಪಿನವರ ವಿಡಿಯೊ ನೋಡಿ ಚೀಲ ಕಟ್ಟಬೇಡಿ.

ಕೀಲಿಮಣೆ
ಒಂದು ನಿಮಿಷ. 2025ರ ಜನವರಿಯಿಂದ ನ್ಯೂಜಿಲೆಂಡಿನ ಪ್ರವಾಸಿ ವೀಸಾದಲ್ಲಿದ್ದುಕೊಂಡು ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಬಹುದಲ್ಲವೇ? ಅಂದರೆ ಬೆಂಗಳೂರಿನ ಸಂಬಳ ಎಣಿಸುತ್ತಾ ಅಲ್ಲಿ ಕೂರಬಹುದು, ಮನೆಯವರು ಊಟ ಹಾಕಿದರೆಂದು ಎರಡು ಸಾಲು ಕಳೆ ಕೀಳುವ ಹಾಗಿಲ್ಲ?

ಟೌರಂಗಾವಾಸಿ
ಹೌದು, ಹಾಗೆಯೇ. ಲ್ಯಾಪ್‌ಟಾಪಿನವನು ಇಲ್ಲಿಯವರ ಕೆಲಸ ಕಸಿಯುವುದಿಲ್ಲ, ಕಳೆ ಕೀಳುವವನು ಕಸಿಯುತ್ತಾನೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಗಡಿಯಾರ
ಬಿಳಿ ಕಾಲರಿಗೆ ಕೆಂಪು ಹಾಸು, ಗುದ್ದಲಿಗೆ ಕೆಂಪು ಬಾವುಟ.

ಸಿಗ್ನಲ್_ಬಿಟ್ಟವನು
ಇಷ್ಟೊಂದು ಹೆದರಿಸಬೇಡಿ ಸರ್. ವಿಮಾನ ನಿಲ್ದಾಣದಲ್ಲಿ "ಸ್ನೇಹಿತರ ಮನೆಗೆ ಹೋಗುತ್ತಿದ್ದೇನೆ" ಎಂದರೆ ಮುಗಿಯಿತು. ಯಾರು ತೋಟದೊಳಗೆ ಬಂದು ಹುಡುಕುತ್ತಾರೆ?

ಟೌರಂಗಾವಾಸಿ
ತೋಟಕ್ಕೆ ಬರಬೇಕಾಗಿಯೇ ಇಲ್ಲ, ನಿಮ್ಮ ಮೊಬೈಲ್ ಅವರ ಮೇಜಿನ ಮೇಲಿರುತ್ತದೆ. "ಶುಕ್ರವಾರ ಎಷ್ಟು ಗಂಟೆಗೆ ಕೆಲಸ ಶುರು?" ಎಂದು ನೀವೇ ಕಳಿಸಿದ ಸಂದೇಶವನ್ನು ಓದಲು ಎಷ್ಟು ಹೊತ್ತು ಬೇಕು? ವಾಪಸ್ ಹೋಗುವ ವಿಮಾನಕ್ಕೆ ಹತ್ತಿಸಿದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಯಾವ ದೇಶದ ಅರ್ಜಿ ತುಂಬಿದರೂ "ನಿಮಗೆ ಎಂದಾದರೂ ಪ್ರವೇಶ ನಿರಾಕರಿಸಿದ್ದಾರೆಯೇ?" ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ಸುಳ್ಳು ಹೇಳುವ ಉಪಾಯವನ್ನು ಇನ್ನೊಬ್ಬರಿಗೆ ಬಿಟ್ಟಿ ಹಂಚಬೇಡಿ.

ಲೀಡ್ಸ್_ಲೀಲಾ
ಬ್ರಿಟನ್ನಿನದ್ದೂ ಸೇರಿಸಿಬಿಡುತ್ತೇನೆ. ಪ್ರವಾಸಿ ವೀಸಾದಲ್ಲಿ ಬಂದವರು ಸ್ವಯಂಸೇವೆ ಮಾಡಬಹುದು, ಆದರೆ ನೋಂದಾಯಿತ ದತ್ತಿ ಸಂಸ್ಥೆಗೆ, ಅದೂ ಹೆಚ್ಚೆಂದರೆ 30 ದಿನ. ಖಾಸಗಿ ತೋಟ ದತ್ತಿ ಸಂಸ್ಥೆಯಲ್ಲ.

ಹಳೇಬೇರು
ತಮಾಷೆಯೆಂದರೆ ಈ ಪದ್ಧತಿ ಹುಟ್ಟಿದ್ದೇ ಬ್ರಿಟನ್ನಿನಲ್ಲಿ. 1971ರಲ್ಲಿ ಲಂಡನ್ನಿನ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸೂ ಕೊಪ್ಪಾರ್ಡ್ ಎಂಬಾಕೆಗೆ ಹಳ್ಳಿಯ ಗಾಳಿ ಬೇಕೆನ್ನಿಸಿತು. ಹಳ್ಳಿಯಲ್ಲಿ ನೆಂಟರಿಲ್ಲದವರು ಎಲ್ಲಿಗೆ ಹೋಗಬೇಕು? ಸಸೆಕ್ಸಿನ ಎಮರ್ಸನ್ ಕಾಲೇಜಿನ ಜಮೀನಿನಲ್ಲಿ ಶನಿವಾರ, ಭಾನುವಾರ ಕೆಲಸ ಮಾಡಿಕೊಡುವ ಏರ್ಪಾಡು ಮಾಡಿಕೊಂಡು ಒಂದಷ್ಟು ಜನರನ್ನು ಕರೆದುಕೊಂಡು ಹೋದಳು. ಸಾವಯವ ಬೇಸಾಯಕ್ಕೆ ಕೈಗಳು ಹೆಚ್ಚು ಬೇಕು, ಕಳೆನಾಶಕ ಹೊಡೆಯುವುದಿಲ್ಲವಲ್ಲ. ಪಟ್ಟಣದವರಿಗೆ ಗಾಳಿ, ರೈತರಿಗೆ ಕೈ. ವಾರಾಂತ್ಯದ ಆ ವ್ಯವಹಾರ ಕ್ರಮೇಣ ವಾರಗಟ್ಟಲೆಯದಾಗಿ, ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಒಂದೇ ದೇಶದೊಳಗೆ ನಡೆದಾಗ ವೀಸಾದ ಪ್ರಶ್ನೆ ಏಳಲಿಲ್ಲ. ಗಡಿ ದಾಟಿದ ಮೇಲೆಯೇ ಈ ತಲೆನೋವು.

ಕರಿಮೆಣಸು
ಊಟ ಹಾಕಿ ದುಡಿಸಿಕೊಳ್ಳುವುದು ನಮ್ಮಲ್ಲೂ ಇತ್ತು. ಜೀತ ಎನ್ನುತ್ತಿದ್ದರು. 1976ರಲ್ಲಿ ಕಾನೂನು ತಂದು ನಿಷೇಧಿಸಿದರು. ಈಗ ಅದಕ್ಕೆ ಸದಸ್ಯತ್ವ ಶುಲ್ಕ ಕಟ್ಟಿ ಹೋಗುತ್ತಾರೆ.

ಆಲಿವ್_ಅಕ್ಕ
ಜೀತದವರು ಬೆಳಿಗ್ಗೆ ಎದ್ದು "ನಮಗೆ ಸರಿಬರಲಿಲ್ಲ" ಎಂದು ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತಬಹುದಿತ್ತೇ? ಆ ಮಾತನ್ನು ಇಷ್ಟು ಅಗ್ಗ ಮಾಡಬೇಡಿ.

ಕರಿಮೆಣಸು
ಹೋಲಿಕೆ ಅತಿಯಾಯಿತು ಎನ್ನಿ, ಪರವಾಗಿಲ್ಲ. ಆದರೆ ಒಂದು ಹೇಳಿ. ಬಿಟ್ಟಿ ದುಡಿಯುವ ಪ್ರವಾಸಿ ಸಿಗುವಾಗ ಆ ತೋಟದವನು ಊರಿನ ಕೂಲಿಯವನಿಗೆ ಕರೆ ಮಾಡುತ್ತಾನೆಯೇ?

ಲೆಕ್ಕಿಗ
ಇದಕ್ಕೆ ಅಂಕಿಯಲ್ಲಿ ಉತ್ತರ ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಕನಿಷ್ಠ ವೇತನ ಗಂಟೆಗೆ 23.50 ಡಾಲರ್ ಇತ್ತು, ಅದನ್ನೇ ಹಿಡಿಯೋಣ. ದಿನಕ್ಕೆ ಐದು ಗಂಟೆಯಂತೆ ವಾರಕ್ಕೆ ಐದು ದಿನ ದುಡಿದರೆ 25 ಗಂಟೆ. ಗುಣಿಸಿದರೆ 587.50 ಡಾಲರ್. ಒಂದು ಕೋಣೆ ಮತ್ತು ಮನೆಯೂಟಕ್ಕೆ ವಾರಕ್ಕೆ ಅಷ್ಟು ಬೆಲೆ ಕೊಡುತ್ತಿದ್ದೀರಿ. ವಿಮಾನದ ಟಿಕೆಟ್, ವಿಮೆ, ಸದಸ್ಯತ್ವ ಬೇರೆ. ದಾರಿಹೋಕರು "ದುಡ್ಡಿನ ಮಾತೇ ಇಲ್ಲ" ಎಂದಿದ್ದಾರೆ. ದುಡ್ಡು ಇದೆ, ಎಣಿಸಿಲ್ಲ ಅಷ್ಟೇ.

ಟೌರಂಗಾವಾಸಿ
ಲೆಕ್ಕಿಗರೇ, ಗುಣಾಕಾರ ಸರಿ. ಆದರೆ ಮೊದಲ ವಾರದ ಹೊಸಬರ ಐದು ಗಂಟೆಗೂ ಪಳಗಿದವರ ಐದು ಗಂಟೆಗೂ ಅಜಗಜಾಂತರ. ಕಿವಿ ಬಳ್ಳಿ ನಮ್ಮ ದ್ರಾಕ್ಷಿ ಚಪ್ಪರದ ಹಾಗೆ ತಲೆಯ ಮೇಲೆ ಹರಡಿರುತ್ತದೆ. ಬೇಸಿಗೆಯಲ್ಲಿ, ಅಂದರೆ ಇಲ್ಲಿಯ ಡಿಸೆಂಬರ್ ಹೊತ್ತಿಗೆ, ಚಪ್ಪಟೆ ಕಾಯಿ, ಅಂಟಿಕೊಂಡ ಜೋಡಿ ಕಾಯಿಗಳನ್ನು ಕಿತ್ತು ಉದುರಿಸಬೇಕು. ದಿನವಿಡೀ ಮೇಲೆ ನೋಡಿಕೊಂಡು, ಕೈ ಎತ್ತಿಕೊಂಡು ನಡೆಯುವುದು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡು ಕೆಳಗೆ ಬಗ್ಗುವುದೇ ಇಲ್ಲ. ಮಾರ್ಚ್‌ನಿಂದ ಕೊಯ್ಲು. ಎದೆಗೆ ಚೀಲ ಕಟ್ಟಿಕೊಳ್ಳಬೇಕು, ಉಗುರು ತಾಗಿ ಹಣ್ಣಿಗೆ ಗಾಯವಾಗದಂತೆ ಮೆತ್ತನೆಯ ಕೈಗವಸು ಹಾಕಿಕೊಳ್ಳಬೇಕು. ಹಣ್ಣು ಒದ್ದೆಯಾಗಿದ್ದರೆ ಕೀಳುವಂತಿಲ್ಲ, ಇಬ್ಬನಿ ಆರುವ ತನಕ ಎಲ್ಲರೂ ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ಕೂರುತ್ತಾರೆ. ಚೀಲ ತುಂಬಿದಾಗ ಅದನ್ನು ದೊಡ್ಡ ಪೆಟ್ಟಿಗೆಗೆ ಮೆಲ್ಲಗೆ ಇಳಿಸಬೇಕು, ಸುರಿದರೆ ನಾನೇ ಬೈಯುತ್ತೇನೆ.

ಇಂಥ ವಾಣಿಜ್ಯ ತೋಟಗಳಲ್ಲಿ ಸಂಬಳಕ್ಕೇ ಕೆಲಸ. ಇಲ್ಲಿಯ ಟೆ ಪುಕೆ ಪಟ್ಟಣದ ಸುತ್ತ ನಮ್ಮ ಪಂಜಾಬಿನವರು ತುಂಬಿದ್ದಾರೆ, ಗುರುದ್ವಾರವೂ ಇದೆ. ವೂಫಿಂಗ್ ನಡೆಯುವುದು ಹೆಚ್ಚಾಗಿ ಸಣ್ಣ ಹಿಡುವಳಿಗಳಲ್ಲಿ: ನಾಲ್ಕು ಕುರಿ, ಒಂದಷ್ಟು ತರಕಾರಿ, ಕೋಳಿಗೂಡು. ಅಲ್ಲಿ ಹೊಸಬರಿಗೆ ಕಲಿಸುವುದರಲ್ಲೇ ಮನೆಯವರ ಅರ್ಧ ದಿನ ಹೋಗುತ್ತದೆ.

ಲೆಕ್ಕಿಗ
ಕಲಿಸುವ ಮನೆ, ದುಡಿಸುವ ಮನೆ ಎಂದು ಮೊದಲೇ ಗುರುತಿಸುವುದು ಹೇಗೆ?

ಆಲಿವ್_ಅಕ್ಕ
ಅದಕ್ಕೆ ನಾನು ಉತ್ತರಿಸಬಲ್ಲೆ. ಜರ್ಮನಿಯಲ್ಲಿ ಓದುವಾಗ ಶರತ್ಕಾಲದ ರಜೆಯಲ್ಲಿ ಇಟಲಿಯ ಟಸ್ಕನಿಗೆ ಆಲಿವ್ ಕೊಯ್ಲಿಗೆ ಹೋಗಿದ್ದೆ. ಇಟಲಿಯ ವೂಫ್ ಸಂಘದ ಸದಸ್ಯತ್ವದಲ್ಲಿ ಅಪಘಾತ ವಿಮೆಯೂ ಸೇರಿರುತ್ತದೆ. ಅದನ್ನು ನೋಡಿಯೇ ಮನೆಯವರು ಒಳಗೆ ಬಿಟ್ಟರು.

ಕೆಲಸ ಹೀಗೆ. ಮರದ ಬುಡದ ಸುತ್ತ ಬಲೆ ಹಾಸಬೇಕು. ಗುಡ್ಡದ ಇಳಿಜಾರಾದರೆ ಬಲೆಯ ಕೆಳ ಅಂಚಿಗೆ ಕೋಲು ಕೊಟ್ಟು ಎತ್ತರಿಸಬೇಕು, ಇಲ್ಲದಿದ್ದರೆ ಕಾಯಿಯೆಲ್ಲ ಉರುಳಿ ಪಕ್ಕದವರ ಪಾಲು. ಮನೆಯ ಯಜಮಾನರು ಮೋಟಾರಿನ ಬಾಚಣಿಗೆಯಿಂದ ಮೇಲಿನ ಕೊಂಬೆ ಜಾಲಿಸುತ್ತಿದ್ದರು, ನನ್ನ ಕೈಗೆ ಪ್ಲಾಸ್ಟಿಕ್ಕಿನ ಸಣ್ಣ ಬಾಚಣಿಗೆ. ಜಡೆ ಬಾಚುವ ಹಾಗೆ ಕೊಂಬೆಯನ್ನು ಮೇಲಿನಿಂದ ಕೆಳಗೆ ಎಳೆದರೆ ಕಾಯಿ ಪಟಪಟನೆ ಬಲೆಗೆ ಬೀಳುತ್ತದೆ. ಸಂಜೆ ಕಡ್ಡಿ, ಎಲೆ ಆರಿಸಿ ಕ್ರೇಟಿಗೆ ತುಂಬುವುದು. ಕ್ರೇಟಿನಲ್ಲಿ ಕಾಯಿ ಹೆಚ್ಚು ಹೊತ್ತು ಬಿಸಿಯಾಗಿ ಕುಳಿತರೆ ಎಣ್ಣೆಯ ರುಚಿ ಕೆಡುತ್ತದೆಂದು ಗಾಣಕ್ಕೆ ಬೇಗ ಒಯ್ಯುತ್ತಾರೆ. ಗಾಣದಿಂದ ಆಗತಾನೇ ಇಳಿದ ಎಣ್ಣೆ ಪಾಚಿ ಹಸಿರು, ನುಂಗಿದರೆ ಗಂಟಲು ಕೆರೆದು ಕೆಮ್ಮು ಬರುತ್ತದೆ. ಅಷ್ಟು ಖಾರವಾಗಿದ್ದರೆ ಒಳ್ಳೆಯ ಎಣ್ಣೆ ಎಂದು ಅವರು ನಗುತ್ತಿದ್ದರು.

ಈಗ ಲೆಕ್ಕಿಗರ ಪ್ರಶ್ನೆ. ಆ ಮನೆಯಲ್ಲಿ ಮಾತು ಆಗಿದ್ದು ದಿನಕ್ಕೆ ಆರು ಗಂಟೆ. ಕೊಯ್ಲು ಬಿರುಸಾದಂತೆ ಅದು ಎಂಟಾಯಿತು. ಊಟ ಮುಗಿಸಿ ಪಾತ್ರೆ ತೊಳೆಯುವುದು, ಅವರ ಮೊಮ್ಮಗುವನ್ನು ಆಡಿಸುವುದು ಯಾವ ಲೆಕ್ಕಕ್ಕೂ ಇಲ್ಲ. ಒಂದು ಸಂಜೆ ಕುಳಿತು ನೇರವಾಗಿ ಮಾತಾಡಿದೆ, ಆಮೇಲೆ ಸರಿಯಾಯಿತು. ಇನ್ನೊಂದು ಮನೆಯಲ್ಲಿ ಮಾತಾಡಿದ್ದಕ್ಕೆ ಮುಖ ಗಂಟಿಕ್ಕಿಕೊಂಡರು, ಮರುದಿನವೇ ಹೊರಟೆ. ಹಾಗಾಗಿ ಮೊದಲ ಪತ್ರದಲ್ಲೇ ಕೇಳಿ: ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ರಜೆ, ಆ ಹೊತ್ತಿನಲ್ಲಿ ತೋಟದಲ್ಲಿ ಯಾವ ಕೆಲಸ ನಡೆಯುತ್ತಿರುತ್ತದೆ, ಮನೆಗೆಲಸ ಆ ಗಂಟೆಗಳಲ್ಲಿ ಸೇರಿದೆಯೇ, ಮಲಗುವುದು ಎಲ್ಲಿ. "ಮನೆಯವರ ಹಾಗೆ ಇರಬಹುದು" ಎಂದಷ್ಟೇ ಉತ್ತರ ಬಂದರೆ ಆ ಮನೆ ಬಿಟ್ಟುಬಿಡಿ. ಮನೆಯವರ ದುಡಿಮೆಗೆ ಗಂಟೆಯೇ ಇರುವುದಿಲ್ಲ.

ಸಂಪಗೆ
ಅಕ್ಕ, ಕೊನೆಯ ಮಾತು ನಮ್ಮ ಅಡುಗೆಮನೆಗಳಿಗೂ ಅನ್ವಯಿಸುತ್ತದೆ! ಒಂಟಿಯಾಗಿ ಹೋಗಿದ್ದಿರಾ? ಹೆದರಿಕೆ ಆಗಲಿಲ್ಲವೇ?

ಆಲಿವ್_ಅಕ್ಕ
ಒಂಟಿಯಾಗಿಯೇ. ಹಿಂದೆ ಉಳಿದು ಹೋದ ಹೆಣ್ಣುಮಕ್ಕಳು ಬರೆದ ಅಭಿಪ್ರಾಯ ಇಲ್ಲದ ಮನೆಗೆ ಹೋಗಲಿಲ್ಲ. ಅಂಥವರಲ್ಲಿ ಒಬ್ಬರಿಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ ವಿಚಾರಿಸಿದೆ. ಹೊಗಳಿಕೆಯ ನಡುವೆ "ಯಜಮಾನರು ತುಂಬ ಮಾತುಗಾರರು" ಎಂಬಂಥ ಸಾಲು ಕಂಡರೆ ಎರಡು ಸಲ ಓದಬೇಕು. ಒಳಗಿನಿಂದ ಚಿಲಕ ಹಾಕುವ ಕೋಣೆ, ಮೊಬೈಲಿಗೆ ಸಿಗ್ನಲ್, ರಾತ್ರೋರಾತ್ರಿ ಹೊರಡಬೇಕಾದರೆ ಹೋಟೆಲಿಗೆ ಮತ್ತು ಟ್ಯಾಕ್ಸಿಗೆ ಆಗುವಷ್ಟು ದುಡ್ಡು, ಈ ಮೂರೂ ಇರಲೇಬೇಕು. ದುಡ್ಡಿಲ್ಲವೆಂದು ಈ ದಾರಿ ಹಿಡಿಯುವವರು ಅದನ್ನೇ ಮರೆಯುತ್ತಾರೆ. ಹೊರಡಲು ಕಾಸಿಲ್ಲದಿದ್ದರೆ ಕರಿಮೆಣಸು ಅವರು ಹೇಳಿದ ಮಾತಿಗೆ ಸ್ವಲ್ಪ ಹತ್ತಿರ ಹೋದಂತೆಯೇ.

ಕರಿಮೆಣಸು
ಅಂತೂ ಅರ್ಧ ಒಪ್ಪಿದಿರಿ.

ಹಳದಿ_ಕಡತ
ಆಲಿವ್ ಅಕ್ಕನವರಿಗೆ ಜರ್ಮನಿಯ ವಾಸದ ಪರವಾನಗಿ ಇತ್ತು, ಅದಕ್ಕೇ ಗಡಿ ದಾಟುವುದು ಸಲೀಸಾಯಿತು. ಬೆಂಗಳೂರಿನಿಂದ ನೇರವಾಗಿ ಹೊರಡುವವರು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾ ಮಾಡಿಸಬೇಕು: 180 ದಿನಗಳಲ್ಲಿ 90 ದಿನ ಮಾತ್ರ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ಎಲ್ಲಿ ಉಳಿಯುತ್ತೀರಿ ಎಂಬ ದಾಖಲೆ. ತೋಟದಲ್ಲಿ ಉಳಿದು ಕೈಜೋಡಿಸುವುದಾದರೆ ಅದನ್ನು ಅರ್ಜಿಯಲ್ಲೇ ಹೇಳಿ ರಾಯಭಾರ ಕಚೇರಿಯ ಉತ್ತರ ಲಿಖಿತವಾಗಿ ಪಡೆಯಿರಿ. ಹೋಟೆಲ್ ಕಾದಿರಿಸಿ, ವೀಸಾ ಬಂದ ಮೇಲೆ ರದ್ದು ಮಾಡುವ ಚಾಳಿ ಬೇಡ.

ಒಗ್ಗರಣೆ
ಎಲ್ಲರೂ ಕಾನೂನು ಮಾತಾಡುತ್ತಿದ್ದೀರಿ, ಹುಡುಗನ ಊಟದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಟೌರಂಗಾವಾಸಿ
ಸಸ್ಯಾಹಾರಿ ಎಂದು ಮೊದಲೇ ತಿಳಿಸಿದರೆ ಯಾರೂ ಉಪವಾಸ ಕೆಡವುವುದಿಲ್ಲ. ಆದರೆ ಸಣ್ಣ ಹಿಡುವಳಿಯ ಮನೆಗಳಲ್ಲಿ ಕುರಿಯನ್ನು ಮನೆಯ ಹಿಂದೆಯೇ ಕಡಿಯುತ್ತಾರೆ. ಬೆಳಿಗ್ಗೆ ನೀವು ಹುಲ್ಲು ಹಾಕಿದ ಕುರಿ ಸಂಜೆ ಮೇಜಿನ ಮೇಲಿರಬಹುದು. ತಿನ್ನದಿದ್ದರೆ ಸಾಕು, ಮುಖ ಸಿಂಡರಿಸಬಾರದು. ಅವರ ಮನೆ, ಅವರ ಊಟ.

ಒಗ್ಗರಣೆ
ಸಾರಿನ ಪುಡಿ ಒಯ್ಯಬಹುದೇ? ನನ್ನ ತಂಗಿ ಎಲ್ಲಿಗೆ ಹೋದರೂ ಒಂದು ಡಬ್ಬಿ ಒಯ್ಯುತ್ತಾಳೆ. ಯಾರದೋ ಮನೆಯಲ್ಲಿ ಟೊಮೆಟೊ ಸಾರು ಮಾಡಿ ಬಡಿಸಿದ ಮೇಲೆ ಅವಳನ್ನು ಕಳೆ ಕೀಳುವುದರಿಂದ ಬಿಡಿಸಿ ಅಡುಗೆಮನೆಗೆ ಹಾಕಿಬಿಟ್ಟರಂತೆ.

ಸಂಪಗೆ
ಅದನ್ನು ಬಡ್ತಿ ಎನ್ನುತ್ತೀರಾ?

ಟೌರಂಗಾವಾಸಿ
ಪುಡಿಯೇ ಇರಲಿ, ಉಪ್ಪಿನಕಾಯಿಯೇ ಇರಲಿ, ತಿನ್ನುವ ವಸ್ತು ಏನಿದ್ದರೂ ವಿಮಾನ ನಿಲ್ದಾಣದ ಘೋಷಣೆಯಲ್ಲಿ ತಿಳಿಸಿ. ಘೋಷಿಸಿದ್ದು ಬೇಡವೆನ್ನಿಸಿದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ಮಣ್ಣು ಮೆತ್ತಿದ ಬೂಟಿಗೂ ಇದೇ ನಿಯಮ, ತೋಟದ ಬೂಟನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತನ್ನಿ. ಇವರ ಭಯ ಸುಮ್ಮನೆ ಅಲ್ಲ. 2010ರ ನವೆಂಬರಿನಲ್ಲಿ ಟೆ ಪುಕೆಯಲ್ಲಿ ಪಿಎಸ್‌ಎ ಎಂಬ ಬ್ಯಾಕ್ಟೀರಿಯಾ ರೋಗ ಕಿವಿ ಬಳ್ಳಿಗಳಲ್ಲಿ ಕಾಣಿಸಿಕೊಂಡು, ಹಳದಿ ತಿರುಳಿನ ಆಗಿನ ತಳಿಯ ಬಳ್ಳಿಗಳನ್ನು ತೋಟಗಟ್ಟಲೆ ಕಡಿದು ಹಾಕಬೇಕಾಯಿತು. ಈಗಿರುವುದು ಅದರ ಜಾಗಕ್ಕೆ ಬಂದ ಬೇರೆ ತಳಿ.

ತೋಟದಮನೆ
ಅಡಿಕೆಯ ಕೊಳೆರೋಗ ಕಂಡವರಿಗೆ ಅದು ಅರ್ಥವಾಗುತ್ತದೆ. ನಾನು ಇನ್ನೊಂದು ಮಗ್ಗುಲಿನಿಂದ ಹೇಳಬಹುದು, ಏಕೆಂದರೆ ನಮ್ಮ ಮನೆಗೇ ಇಂಥವರು ಬರುತ್ತಾರೆ. ಫ್ರಾನ್ಸಿನ ಗಂಡ ಹೆಂಡತಿ ಅಡಿಕೆ ಸುಲಿಯುವ ಕಾಲಕ್ಕೆ ಬಂದಿದ್ದರು. ರಾತ್ರಿ ಎಲ್ಲರ ಜೊತೆ ಮೆಟ್ಟುಗತ್ತಿಯ ಮುಂದೆ ಕುಳಿತುಬಿಟ್ಟರು. ನಮ್ಮ ಹೆಂಗಸರು ಒಂದು ಬುಟ್ಟಿ ಮುಗಿಸುವಷ್ಟರಲ್ಲಿ ಅವರದ್ದು ಒಂದು ಹಿಡಿ. ಆ ಗಂಡಸಿನ ಬೆರಳೆಲ್ಲ ಚೊಗರಿನಿಂದ ಕಪ್ಪಾಗಿ, ನಿಂಬೆಹಣ್ಣು ಉಜ್ಜಿದರೂ ಹೋಗದೆ, ಅದನ್ನೇ ಪದಕದಂತೆ ಎಲ್ಲರಿಗೂ ತೋರಿಸುತ್ತಿದ್ದ. ಕೆಲಸದ ದೃಷ್ಟಿಯಿಂದ ನಮಗೆ ಲಾಭ ಸೊನ್ನೆ. ಆದರೆ ರಾತ್ರಿ ಊಟಕ್ಕೆ ಒಟ್ಟಿಗೆ ಕುಳಿತು ಅವರ ಊರಿನ ದ್ರಾಕ್ಷಿ ತೋಟದ ಕಥೆ ಕೇಳುವುದಿತ್ತಲ್ಲ, ಅದು ನಮ್ಮ ಮಕ್ಕಳಿಗೆ ಯಾವ ಶಾಲೆಯಲ್ಲೂ ಸಿಗುವುದಿಲ್ಲ. ಹಾಗಾಗಿ ಇದನ್ನು ಕೂಲಿಯ ತಕ್ಕಡಿಯಲ್ಲಿ ತೂಗಬೇಡಿ.

ಕರಿಮೆಣಸು
ಸರ್, ಒಂದೇ ಪ್ರಶ್ನೆ. ಅವರು ನಿಮ್ಮ ಜೊತೆ ಒಳಗೆ ಕುಳಿತು ಉಂಡರು. ಅದೇ ರಾತ್ರಿ ಬುಟ್ಟಿಗಟ್ಟಲೆ ಸುಲಿದ ಆ ಹೆಂಗಸರು ಎಲ್ಲಿ ಉಂಡರು?

ತೋಟದಮನೆ
ಜಗುಲಿಯಲ್ಲಿ. ಅವರಿಗೇ ಅದು ಅನುಕೂಲ. ಒಳಗೆ ಕರೆದರೆ ಸಂಕೋಚಪಡುತ್ತಾರೆ.

ಸಂಪಗೆ
ಕರೆದಿದ್ದೀರಾ?

ತೋಟದಮನೆ
ನಮ್ಮ ಮನೆಗೆ ಬರುವವರೆಲ್ಲ ಎಷ್ಟೋ ವರ್ಷದಿಂದ ಬರುತ್ತಿರುವವರು. ಕಷ್ಟಸುಖಕ್ಕೆ ಆಗುತ್ತೇವೆ. ನೀವು ಎರಡು ಸಾಲಿನಲ್ಲಿ ಪಂಚಾಯಿತಿ ಮಾಡಬೇಡಿ.

ಕರಿಮೆಣಸು
ನನ್ನ ಅವ್ವ ಇಂಥದ್ದೇ ಜಗುಲಿಯಲ್ಲಿ ಉಂಡವಳು. ಸಂಕೋಚ ಅವಳದ್ದಲ್ಲ ಸರ್. ಹೊರದೇಶದಿಂದ ಬಂದು ಒಂದು ಹಿಡಿ ಸುಲಿದವರಿಗೆ ಸಿಕ್ಕ ಮಣೆ ಆಕೆಗೆ ಸಿಗಲಿಲ್ಲ, ಅಷ್ಟೇ. ಈ ಪ್ರವಾಸದ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲಿಯೇ. ಬಯಸಿ ದುಡಿಯುವವರಿಗೆ ಮರ್ಯಾದೆ, ಹೊಟ್ಟೆಪಾಡಿಗೆ ದುಡಿಯುವವರಿಗೆ ಜಗುಲಿ. ಇಟಲಿಯಲ್ಲೂ ಹೀಗೇ ಇರಬಹುದು, ಆಲಿವ್ ಅಕ್ಕ ಹೇಳಲಿ.

ಆಲಿವ್_ಅಕ್ಕ
ಇದೆ. ಪಕ್ಕದ ದೊಡ್ಡ ತೋಟದಲ್ಲಿ ಕೂಲಿಗೆ ಬಂದವರಲ್ಲಿ ಆಫ್ರಿಕಾದ ಹುಡುಗರಿದ್ದರು. ಅವರನ್ನು ಯಾರೂ ಊಟಕ್ಕೆ ಕರೆದದ್ದು ನಾನು ನೋಡಲಿಲ್ಲ. ನಮ್ಮ ಮನೆಯ ಮೇಜಿನ ಮೇಲೆ ದಿನವೂ ನನ್ನ ದೇಶದ ಬಗ್ಗೆ ಪ್ರಶ್ನೆಗಳು. ಅವರಿಗೂ ದೇಶವಿತ್ತು.

ಸಿಗ್ನಲ್_ಬಿಟ್ಟವನು
ಪ್ರವಾಸದ ಚರ್ಚೆ ಎಲ್ಲಿಂದ ಎಲ್ಲಿಗೆ ಹೋಯಿತು!

ಹಳದಿ_ಕಡತ
ತೋಟದಮನೆಯವರಿಗೆ ಒಂದು ಸೂಚನೆ, ಜಗಳಕ್ಕಲ್ಲ. ವಿದೇಶಿಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ, ಹಿಂದೆ ಸಿ ಫಾರಂ ಎನ್ನುತ್ತಿದ್ದ ಫಾರಂ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಭಾರತದ ಪ್ರವಾಸಿ ವೀಸಾದಲ್ಲಿ ಅಲ್ಪಾವಧಿಯ ಸ್ವಯಂಸೇವೆಗೆ ಅವಕಾಶವಿದೆ, ಗರಿಷ್ಠ ಒಂದು ತಿಂಗಳು. ಆದರೆ ಹಣವನ್ನಾಗಲಿ ಬೇರೆ ಯಾವ ರೂಪದ ಪ್ರತಿಫಲವನ್ನಾಗಲಿ ಪಡೆಯುವಂತಿಲ್ಲ ಎಂಬ ಷರತ್ತು ಅದರ ಜೊತೆಗಿದೆ. ಕಟ್ಟುನಿಟ್ಟಾಗಿ ಓದಿದರೆ ನಿಮ್ಮ ಊಟವೂ ಪ್ರತಿಫಲವೇ.

ತೋಟದಮನೆ
ಸಿ ಫಾರಂ ತುಂಬಿದ್ದೇನೆ, ಠಾಣೆಯಿಂದ ಬಂದು ಚಹಾ ಕುಡಿದು ಹೋಗಿದ್ದಾರೆ. ಇನ್ನು ಮನೆಗೆ ಬಂದವರನ್ನು ಉಪವಾಸ ಕೂರಿಸಬೇಕೆಂದು ಯಾವ ಕಾನೂನು ಹೇಳಿದರೂ ನಾನು ಕೇಳುವವನಲ್ಲ.

ಗಡಿಯಾರ
ನ್ಯೂಜಿಲೆಂಡಿನವರೂ ನಮ್ಮವರೂ ಈ ಒಂದು ವಿಷಯದಲ್ಲಿ ಒಂದೇ ಪಾಠ ಓದಿದ್ದಾರೆ.

ಹಿಂದಿನ_ಬೆಂಚು
ದಾರಿಹೋಕರೇ, ನಿಮಗೆ 30 ದಾಟಿಲ್ಲವಾದರೆ ಆಸ್ಟ್ರೇಲಿಯಾ ನೋಡಿ. 2024ರ ಸೆಪ್ಟೆಂಬರಿನಿಂದ ಭಾರತೀಯರಿಗೂ ಅಲ್ಲಿಯ 462 ವರ್ಗದ ವರ್ಕ್ ಅಂಡ್ ಹಾಲಿಡೇ ವೀಸಾ ಇದೆ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನಕ್ಕೆ ಮಾತ್ರ, ಲಾಟರಿಯಲ್ಲಿ ಹೆಸರು ಬರಬೇಕು. ಲಾಟರಿಗೆ ಹೆಸರು ಕೊಡಲು 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬಂದ ಮೇಲೆ ಇಂಗ್ಲಿಷ್ ಪರೀಕ್ಷೆ, ಓದಿನ ದಾಖಲೆ, ಖಾತೆಯಲ್ಲಿ ಸುಮಾರು 5,000 ಡಾಲರ್ ಇರುವುದಕ್ಕೆ ಪುರಾವೆ. ಬಂದರೆ ಒಂದು ವರ್ಷ ರಾಜಮರ್ಯಾದೆಯಿಂದ ದುಡಿಯಬಹುದು, ಸಂಬಳಕ್ಕೇ.

ಇನ್ನೊಂದು ಕುತೂಹಲದ ಸಂಗತಿ. ಆಸ್ಟ್ರೇಲಿಯಾದಲ್ಲಿ ಎರಡನೇ ವರ್ಷದ ವೀಸಾ ಬೇಕಾದವರು ನಗರದಾಚೆ ಕೃಷಿಯಂಥ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಮೊದಲು ಅದಕ್ಕೆ ವೂಫಿಂಗ್ ಕೂಡ ಲೆಕ್ಕಕ್ಕೆ ಬರುತ್ತಿತ್ತು. ವೀಸಾದ ಆಸೆಗೆ ಬಿದ್ದವರನ್ನು ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೆಂಬ ದೂರು ಹೆಚ್ಚಿದ ಮೇಲೆ 2015ರ ಡಿಸೆಂಬರಿನಿಂದ ಸಂಬಳದ ಕೆಲಸ ಮಾತ್ರ ಲೆಕ್ಕ. ಕರಿಮೆಣಸು ಅವರ ವಾದಕ್ಕೆ ಸರ್ಕಾರದ ಮುದ್ರೆ ಬಿದ್ದಂತಾಯಿತು.

ಲೆಕ್ಕಿಗ
ಬುಟ್ಟಿಗೆ ಇಷ್ಟು ಎಂದು ಕೊಯ್ಲಿನ ಕೂಲಿ ಕೊಡುವ ತೋಟಗಳಲ್ಲಿ ಮೋಸ ಇಲ್ಲವೇ?

ಹಿಂದಿನ_ಬೆಂಚು
ಮೋಸ ಎಲ್ಲಿಲ್ಲ? ಆದರೆ 2022ರ ಏಪ್ರಿಲ್‌ನಿಂದ ಬುಟ್ಟಿ ಲೆಕ್ಕದವರಿಗೂ ಗಂಟೆಗೆ ಇಂತಿಷ್ಟಕ್ಕಿಂತ ಕಡಿಮೆ ಬೀಳಬಾರದೆಂಬ ನಿಯಮ ಬಂದಿದೆ. ಗಂಟೆಗಳನ್ನು ನಾವೂ ಬರೆದಿಟ್ಟುಕೊಳ್ಳಬೇಕು.

ರೋಬಸ್ಟಾ
ಇಷ್ಟೆಲ್ಲ ತಲೆಬಿಸಿ ಬೇಡವೆಂದರೆ ನೇಪಾಳಕ್ಕೆ ಹೋಗಿ ಮಾರಾಯರೇ. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ವೀಸಾ ಇಲ್ಲ, ವಾಸಕ್ಕೂ ಓಡಾಟಕ್ಕೂ ಅಡ್ಡಿ ಇಲ್ಲ. ವಿಮಾನದಲ್ಲಿ ಹೋದರೂ ಪಾಸ್‌ಪೋರ್ಟ್ ಇಲ್ಲವೆಂದರೆ ಮತದಾರರ ಗುರುತಿನ ಚೀಟಿ ಸಾಕು. ಪೂರ್ವದ ಇಲಾಂನಲ್ಲಿ ಚಹಾ, ಪಶ್ಚಿಮದ ಗುಲ್ಮಿ ಕಡೆ ಕಾಫಿ. ಗುಲ್ಮಿಯ ಕಾಫಿ ನೆರಳಿನಲ್ಲಿ ಬೆಳೆಯುವ ಅರೇಬಿಕಾ. ಹಣ್ಣು ಕೆಂಪಾದದ್ದನ್ನೇ ಆರಿಸಿ ಕೊಯ್ಯಬೇಕು, ಒಂದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಚಿಕ್ಕಮಗಳೂರಿನವನಾದ ನಾನು ಅಲ್ಲಿಗೆ ಹೋಗಿ ಕಾಫಿ ಕೊಯ್ದೆ ಎಂದರೆ ಮನೆಯಲ್ಲಿ ಈಗಲೂ ನಗುತ್ತಾರೆ. ನಮ್ಮ ತೋಟದಲ್ಲಿ ಒಂದು ದಿನ ಕೊಯ್ದವನಲ್ಲ ಎಂಬ ಕಾರಣಕ್ಕೆ.

ಸಂಪಗೆ
ಭೂತಾನ್ ಹೇಗೆ? ಅಲ್ಲಿಗೂ ವೀಸಾ ಬೇಡವಲ್ಲ.

ರೋಬಸ್ಟಾ
ವೀಸಾ ಬೇಡ, ಪರವಾನಗಿ ಬೇಕು. ಮೇಲೆ ಭಾರತೀಯರಿಗೆ ತಲಾ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ. ಊಟ ವಸತಿ ಉಳಿಸಲು ದುಡಿಯುತ್ತಾ ದಿನಕ್ಕೆ 1,200 ಕಟ್ಟಿದರೆ ಲೆಕ್ಕಿಗರಿಗೆ ಎದೆನೋವು ಬರುತ್ತದೆ.

ಲೆಕ್ಕಿಗ
ಈಗಲೇ ಬಂತು.

ದಾರಿಹೋಕ
ಎಲ್ಲರಿಗೂ ಧನ್ಯವಾದ. ನ್ಯೂಜಿಲೆಂಡಿಗೆ ಪ್ರವಾಸಿಯಾಗಿ ಹೋದರೆ ಕಡಿಮೆ ದಿನ, ಕೈಯಿಂದಲೇ ಖರ್ಚು. ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಆಸ್ಟ್ರೇಲಿಯಾದ ಲಾಟರಿ ತೆರೆದಾಗ ಹೆಸರು ಕೊಡುತ್ತೇನೆ. ಅದಕ್ಕೆ ಮೊದಲು ಇಲಾಂ. ಅಲ್ಲಿಯ ಎರಡು ಮನೆಗಳಿಗೆ ಆಲಿವ್ ಅಕ್ಕನವರ ಪ್ರಶ್ನೆಗಳನ್ನೆಲ್ಲ ಬರೆದು ಕಳಿಸಿದೆ. ಒಬ್ಬರು ಗಂಟೆ, ರಜೆ, ಕೋಣೆಯ ಫೋಟೊ ಸಮೇತ ಉತ್ತರಿಸಿದ್ದಾರೆ. ಇನ್ನೊಬ್ಬರು "ನಮ್ಮ ಮನೆಯವರ ಹಾಗೆ ಇರಬಹುದು" ಎಂದಿದ್ದಾರೆ.

ಆಲಿವ್_ಅಕ್ಕ
ಎರಡನೆಯವರಿಗೆ ನಮಸ್ಕಾರ ಹೇಳಿ, ಮೊದಲನೆಯವರಿಗೆ ಟಿಕೆಟ್ ಮಾಡಿಸಿ. ಆ ಕೋಣೆಯ ಬಾಗಿಲಿಗೆ ಚಿಲಕ ಇದೆಯೇ ಎಂದು ಫೋಟೊದಲ್ಲಿ ನೋಡಿದಿರಾ?

ದಾರಿಹೋಕ
ಬಾಗಿಲೇ ಫೋಟೊದಲ್ಲಿಲ್ಲ. ಕೇಳುತ್ತೇನೆ.

ಮೇಲ್ವಿಚಾರಕ
ಸಾರಿನ ಪುಡಿಯ ಕುರಿತ ಹೆಚ್ಚಿನ ಪ್ರತಿಕ್ರಿಯೆಗಳನ್ನು ಅಡುಗೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಜಗುಲಿಯ ಚರ್ಚೆಯನ್ನೂ ಬೇರೆ ಎಳೆಗೆ ಹಾಕಬೇಕೆಂದು ಇಬ್ಬರು ಕೇಳಿದ್ದಾರೆ. ಅದು ಇಲ್ಲಿಯೇ ಇರುತ್ತದೆ.

ಹೊಸಬ_ಗದಗ
ನಮಸ್ಕಾರ. ಸಂಬಳ ಇಲ್ಲದ ಕೆಲಸಕ್ಕೆ ಪ್ರವಾಸಿ ವೀಸಾ ಸಾಕಲ್ಲವೇ?

ಟೌರಂಗಾವಾಸಿ
ಮೇಲಿನಿಂದ ಓದಿಕೊಂಡು ಬನ್ನಿ ಸರ್. ನಾನು ಇಬ್ಬನಿ ಆರುವ ತನಕ ಇಲ್ಲಿಯೇ ಇದ್ದೇನೆ.